ಮೆಟ್ಟಿಲು ಸಹಿ

"ಇನ್ನೊಂದು ಸಲ ಮಾಡಿ ತೋರ್ಸಿ," ಎಂದಳು ಉಡ.

ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೇಡಂ, ಇದು ಮೂರನೇ ಸಲ. ನನಗೆ ಬೇರೆ ಕಕ್ಷಿದಾರರೂ ಇದ್ದಾರೆ."

"ಇರ್ಲಿ ಬಿಡಿ. ಅವರ್ಯಾರಿಗೂ ನಾಳೆ ಹನ್ನೊಂದಕ್ಕೆ ಮದುವೆ ಇಲ್ಲವಲ್ಲ."

ಉಡ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಹತ್ತೊಂಬತ್ತು ವರ್ಷ ವಿಮಾ ಕಂಪನಿಗಾಗಿ ಸುಟ್ಟ ಅಂಗಡಿಗಳ ಬೂದಿ ಕೆದಕಿದವಳು ಅವಳು. ಹಿಡಿದರೆ ಬಿಡುವವಳಲ್ಲ ಅಂತ ಜೊತೆಗೆ ಕೆಲಸ ಮಾಡುತ್ತಿದ್ದವರು ಅಂಟಿಸಿದ ಹೆಸರು ಅದು. ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆ ಶುರು ಮಾಡಿದ ಮೇಲೂ ಹೆಸರು ಬಿಡಲಿಲ್ಲ. ಆದರೆ ಹಿಡಿಯುವುದಕ್ಕೆ ಏನಾದರೂ ಸಿಗಬೇಕಲ್ಲ! ಮಂಗಳವಾರದಿಂದ ಗುರುವಾರ ಮಧ್ಯಾಹ್ನದ ತನಕ ಅವಳು ಗುದ್ದಿದ್ದೆಲ್ಲ ಗಾಳಿಗೆ.

ವಿಷಯ ಇಷ್ಟೇ. ಡ್ರಾಯಿಂಗ್ ಮೇಷ್ಟ್ರಿಗೂ ಬೈಂಡರಮ್ಮನಿಗೂ ನಾಳೆ ನೋಂದಣಿ ಕಚೇರಿಯಲ್ಲಿ ಮದುವೆ. ಇಬ್ಬರಿಗೂ ಎರಡನೆಯದು, ಇಬ್ಬರೂ ಐವತ್ತು ದಾಟಿದವರು. ಮೇಷ್ಟ್ರಿಗೆ ಹಿಂದೆ ಮುಂದೆ ಯಾರೂ ಇಲ್ಲ. ಬೈಂಡರಮ್ಮನಿಗೆ ತೀರಿಕೊಂಡ ಗಂಡ ಕಟ್ಟಿದ ಬೈಂಡಿಂಗ್ ಅಂಗಡಿ ಇದೆ, ಇಪ್ಪತ್ತೆಂಟು ವರ್ಷದ ಮಗಳಿದ್ದಾಳೆ. ಹಾಗಾಗಿ ಮದುವೆಗೆ ಮುಂಚೆಯೇ ಯಾವುದು ಯಾರದ್ದು ಅಂತ ಒಂದು ಒಪ್ಪಂದ ಪತ್ರ ಬರೆಸೋಣ ಅಂತ ವಕೀಲರನ್ನು ಹಿಡಿದರು. ಹದಿನಾಲ್ಕು ಪುಟ, ಮೂರು ಪ್ರತಿ.

ಸೋಮವಾರ ಸಂಜೆ ವಕೀಲರು ಅದನ್ನು ಮೇಷ್ಟ್ರು, ಬೈಂಡರಮ್ಮ, ಮಗಳು ಮೂವರ ಎದುರಿಗೂ ಗಟ್ಟಿಯಾಗಿ ಓದಿದರು. ಒಂಬತ್ತನೇ ಪುಟದಲ್ಲಿ ಇದ್ದದ್ದು: ಅಂಗಡಿ ಪೂರ್ತಿ ಬೈಂಡರಮ್ಮನದು, ಅವಳ ನಂತರ ಮಗಳದು. ಎಲ್ಲರೂ ತಲೆಯಾಡಿಸಿದರು, ಮದುವೆಯಾಗುವ ಇಬ್ಬರು ಸಹಿ ಹಾಕಿದರು, ಮನೆಗೆ ಹೋದರು.

ಮಂಗಳವಾರ ಬೆಳಿಗ್ಗೆ ಮಗಳು ತಾಯಿಯ ಪ್ರತಿ ಹಿಡಿದುಕೊಂಡು ನೇರ ಮೇಷ್ಟ್ರ ಶಾಲೆಯ ಗೇಟಿಗೆ ಹೋದಳು. ಅದೇ ಒಂಬತ್ತನೇ ಪುಟದಲ್ಲಿ ಈಗ ಬೇರೆಯೇ ಮಾತಿತ್ತು: ಮದುವೆಯ ದಿನದಿಂದ ಅಂಗಡಿಯ ಅರ್ಧ ಪಾಲು ಮೇಷ್ಟ್ರದು. ಕೆಳಗೆ ಇಬ್ಬರ ಸಹಿಯೂ ಇತ್ತು, ಎರಡೂ ಅಸಲಿ. "ಕಳ್ಳ! ಪುಟ ಬದಲಾಯಿಸಿದ ಕಳ್ಳ!" ಅಂತ ಮಗಳು ಕೂಗಿದಳು. ಮಕ್ಕಳನ್ನು ಬಿಡಲು ಬಂದ ಅಪ್ಪ ಅಮ್ಮಂದಿರು ನಿಂತು ನೋಡಿದರು. ಮೇಷ್ಟ್ರು ಪಾಪ, ತಾನು ಸಾಚಾ ಅಂತ ತೋರಿಸಲು ಎಲ್ಲರೆದುರಿಗೇ ಚೀಲದಿಂದ ತನ್ನ ಪ್ರತಿ ತೆಗೆದು ಬಿಚ್ಚಿದರು. ಅದರಲ್ಲೂ ಅದೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಹೆಡ್‌ಮಾಸ್ಟರು ರಜೆಯ ಮೇಲೆ ಹೋಗಿ ಅಂದರು. ಮೇಷ್ಟ್ರು ಶಾಲೆಯಿಂದ ಹೊರಟವರು ನೇರ ಉಡನ ಬಾಗಿಲಿಗೆ ಬಂದರು. "ನಂಗೆ ಅಂಗಡಿ ಬೇಡ ಮೇಡಂ. ನನ್ನ ಹೆಸರು ನಂಗೆ ವಾಪಸ್ ಕೊಡ್ಸಿ. ಕಳ್ಳ ಅನ್ನಿಸ್ಕೊಂಡು ಯಾವ ಮುಖ ಹೊತ್ತು ಮದುವೆ ಆಗ್ಲಿ?"

ಆಯಿತು, ಕೊಡಿಸೋಣ. ಆದರೆ ಎಲ್ಲಿಂದ?

ವಕೀಲರು ನಿಟ್ಟುಸಿರು ಬಿಟ್ಟು ಹದಿನಾಲ್ಕು ಖಾಲಿ ಹಾಳೆ ಎಣಿಸಿದರು. ಒಂದರ ಕೆಳಗೊಂದು, ಪ್ರತಿ ಹಾಳೆಯ ಬುಡ ಎರಡು ಬೆರಳಿನಷ್ಟು ಮಾತ್ರ ಹೊರಗೆ ಕಾಣುವ ಹಾಗೆ ಜಾರಿಸಿ ಮೇಜಿನ ಮೇಲೆ ಹರಡಿದರು. ಮೇಲಿನಿಂದ ಕೆಳಗಿನವರೆಗೆ ಹದಿನಾಲ್ಕು ಮೆಟ್ಟಿಲು.

"ಮೆಟ್ಟಿಲು ಸಹಿ ಅಂತೀವಿ. ನಮ್ಮ ಗುರುಗಳ ಕಾಲದಿಂದ ನಡ್ಕೊಂಡು ಬಂದಿದೆ. ಸರಸರ ಸರಸರ ಇಳಿದುಬಿಡೋದು. ಇಬ್ಬರದೂ ಸೇರಿ ಎಂಬತ್ತನಾಲ್ಕು ಸಹಿ, ಐದು ನಿಮಿಷ ಸಾಕು."

"ಅಂದ್ರೆ ಯಾವುದಕ್ಕೆ ಸಹಿ ಹಾಕ್ತಿದ್ದೀವಿ ಅಂತ ಹಾಕೋರು ನೋಡೋದೇ ಇಲ್ಲ."

"ನೋಡೋದೇನಿದೆ? ಅದಕ್ಕೆ ಮುಂಚೆ ನಾನೇ ಒಂದಕ್ಷರ ಬಿಡದೆ ಓದಿರ್ತೀನಲ್ಲ!"

"ಓದಿದ್ದಕ್ಕೂ ಸಹಿಗೂ ಮಧ್ಯೆ?"

"ಟೀ ಕುಡೀತೀವಿ. ಮುಂದಿನ ಕೋಣೇಲಿ. ಹತ್ತು ನಿಮಿಷ."

"ನಲವತ್ತು ಸಾರ್," ಎಂದಳು ಟೈಪಿಸ್ಟ್, ಪರದೆಯಿಂದ ಕಣ್ಣು ಕೀಳದೆ. "ನಿಮಗೆ ಫೋನ್ ಬಂದಿತ್ತು."

ವಕೀಲರು ಅವಳತ್ತ ನೋಡಿದ ನೋಟಕ್ಕೆ ಹಾಲು ಒಡೆಯಬೇಕಿತ್ತು. ಟೈಪಿಸ್ಟ್ ಜಗ್ಗಲಿಲ್ಲ.

"ನಲವತ್ತು ನಿಮಿಷ ಮೂರು ಕಟ್ಟು ಒಳಗಿನ ಕೋಣೇಲಿ ಬಿದ್ದಿದ್ವು. ಹೊಲಿಗೆ ಇಲ್ಲ, ಸೀಲ್ ಇಲ್ಲ, ಕಾವಲಿಲ್ಲ," ಎಂದಳು ಉಡ. "ಯಾರು ಮುಟ್ಟಿದ್ರು?"

"ನಾನು ನೋಡ್ಲಿಲ್ಲ ಮೇಡಂ. ನನ್ನ ಮೇಜು ಈ ಕಡೆ, ಆ ಬಾಗಿಲು ಆ ಕಡೆ," ಎಂದಳು ಟೈಪಿಸ್ಟ್.

ನಿನ್ನೆಯೂ ಇದೇ ಉತ್ತರ, ಮೊನ್ನೆಯೂ ಇದೇ ಉತ್ತರ. ಉಡನ ತಲೆ ಚಿಟ್ಟು ಹಿಡಿಯಿತು. ವಕೀಲರ ಪ್ರತಿಯನ್ನು ಮತ್ತೊಮ್ಮೆ ಎಳೆದುಕೊಂಡು ಒಂಬತ್ತನೇ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದರಲ್ಲೂ ಅರ್ಧ ಪಾಲಿನ ಮಾತೇ. ಅದೇ ಕಾಗದ, ಅದೇ ಕಪ್ಪು, ಅದೇ ಅಂಚು. ಮೇಷ್ಟ್ರ ಪ್ರತಿಯೂ ಹೀಗೆಯೇ. ಹೊರಗೆಲ್ಲೋ ಮಾಡಿಸಿ ತಂದು ಸೇರಿಸಿದ್ದರೆ ಕಾಗದದಲ್ಲಾದರೂ ಕೂದಲೆಳೆಯ ವ್ಯತ್ಯಾಸ ಕಾಣಬೇಕಿತ್ತು.

"ಪುಟಕ್ಕೆ ಪುಟ ಸರಿಯಾಗಿ ಕೂತಿದೆಯಲ್ಲ. ಎಂಟನೇದು ಮುಗಿದು ಹತ್ತನೇದು ಶುರುವಾಗೋದ್ರಲ್ಲಿ ಒಂದು ಸಾಲೂ ಆಚೀಚೆ ಆಗಿಲ್ಲ. ಹೇಗೆ?"

"ಒಂದೊಂದು ಆಸ್ತಿಗೆ ಒಂದೊಂದು ಹೊಸ ಪುಟ. ಅದು ನನ್ನ ಶಿಸ್ತು," ಎಂದರು ವಕೀಲರು, ಸ್ವಲ್ಪ ಹೆಮ್ಮೆಯಿಂದಲೇ.

"ನಿಮ್ಮ ಶಿಸ್ತಿನ ಪುಣ್ಯ, ಕಳ್ಳನಿಗೆ ಒಂದು ಹಾಳೆ ತೆಗೆದು ಇನ್ನೊಂದು ಹಾಳೆ ಇಟ್ರೆ ಸಾಕಾಯ್ತು. ಆ ಇನ್ನೊಂದು ಹಾಳೆ ಬರೆದೋನು ಯಾರು? ನಿಮ್ಮ ಹಾಗೇ ಬರೆದಿದ್ದಾನೆ. 'ಸದರಿ ಸ್ವತ್ತು', 'ಎಳ್ಳಷ್ಟೂ ತಕರಾರಿಲ್ಲದೆ'... ಎಲ್ಲ ನಿಮ್ಮ ಧಾಟಿ."

ವಕೀಲರು ಕನ್ನಡಕ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು. ಟೈಪಿಸ್ಟಳ ಕೀಲಿಮಣೆಯ ಸದ್ದೂ ನಿಂತಿತು.

ಉಡನ ಕಿವಿ ನೆಟ್ಟಗಾಯಿತು. "ಏನು?"

"ಅದು... ಕಕ್ಷಿದಾರರ ಗುಟ್ಟು, ಮೇಡಂ."

"ಸ್ವಾಮಿ, ಒಬ್ಬ ಮನುಷ್ಯನ ಕೆಲಸ ಹೋಗ್ತಿದೆ, ಮದುವೆ ಮುರೀತಿದೆ. ನಿಮ್ಮ ಕಚೇರಿ ಹೆಸರೂ ಬೀದಿಗೆ ಬರುತ್ತೆ. ಗುಟ್ಟು ಇಟ್ಕೊಂಡು ಏನು ಉಪ್ಪಿನಕಾಯಿ ಹಾಕ್ತೀರಾ?"

ವಕೀಲರು ಬಾಯಿಬಿಟ್ಟರು. ಆ ಪುಟ ಬರೆದದ್ದು ಅವರೇ! ಮೂರು ವಾರದ ಹಿಂದೆ ಬೈಂಡರಮ್ಮ ಮೊದಲ ಸಲ ಒಬ್ಬಳೇ ಬಂದಿದ್ದಳಂತೆ. ಅಂಗಡಿಯ ಅರ್ಧ ಮೇಷ್ಟ್ರಿಗೆ ಬರೆಯಿರಿ ಅಂದಳಂತೆ. ಕರಡು ಸಿದ್ಧವಾಯಿತು, ಮನೆಯಲ್ಲಿ ಓದಿಕೊಳ್ಳಲಿ ಅಂತ ಒಂದೇ ಒಂದು ಪ್ರತಿ ತೆಗೆದು ಕೊಟ್ಟರು. ವಾರ ಕಳೆದು ಮಗಳ ಜೊತೆ ಬಂದಳು. ಮಗಳ ಕಣ್ಣು ಊದಿಕೊಂಡಿತ್ತು. "ಅದು ಬೇಡ, ಅಂಗಡಿ ಪೂರ್ತಿ ನನ್ನ ಹೆಸರಲ್ಲೇ ಇರಲಿ, ಆಮೇಲೆ ಇವಳಿಗೆ" ಅಂದಳು. ಮೇಷ್ಟ್ರಿಗೆ ಈ ಮೊದಲ ಕರಡಿನ ವಿಷಯವೇ ಗೊತ್ತಿಲ್ಲ. ಅವರು ಬಂದದ್ದು ಕೊನೆಯ ದಿನ, ಸಹಿಗೆ.

"ಇದನ್ನ ಮಂಗಳವಾರವೇ ಯಾಕ್ರೀ ಹೇಳ್ಲಿಲ್ಲ?" ಉಡ ಮೇಜು ಕುಟ್ಟಿದಳು. ಹದಿನಾಲ್ಕು ಮೆಟ್ಟಿಲು ಒಟ್ಟಿಗೆ ಕುಸಿದವು. "ಎರಡು ದಿನ ನಾನು ಊರಲ್ಲಿರೋ ಪ್ರಿಂಟಿಂಗ್ ಅಂಗಡಿಗಳನ್ನೆಲ್ಲ ಸುತ್ತಿ ಚಪ್ಪಲಿ ಸವೆಸಿದೆ!"

"ನೀವು ಯಾರು ಮುಟ್ಟಿದ್ರು ಅಂತ ಕೇಳಿದ್ರಿ. ಯಾರು ಬರೆದ್ರು ಅಂತ ಕೇಳ್ಲಿಲ್ಲ."

ಇಂಥವರನ್ನು ಏನು ಮಾಡಬೇಕು ನೀವೇ ಹೇಳಿ. ಸುಳ್ಳು ಹೇಳುವವರನ್ನು ಹೇಗೋ ಹಿಡಿಯಬಹುದು. ಕೇಳಿದಷ್ಟಕ್ಕೆ ಮಾತ್ರ ನಿಜ ಹೇಳುವವರ ಮುಂದೆ ಉಡ ಕೂಡ ಸೋತು ಸುಣ್ಣ.

"ಆ ಕರಡು ಈ ಯಂತ್ರದಲ್ಲೇ ತೆಗೆದಿದ್ದಾ?" ಅವಳು ಮೂಲೆಯ ಪ್ರಿಂಟರ್ ತೋರಿಸಿದಳು.

"ಹೂಂ. ಆದ್ರೆ ಆಗ ಇದಕ್ಕೆ ರೋಗ ಹಿಡಿದಿತ್ತು," ಎಂದಳು ಟೈಪಿಸ್ಟ್. "ಡ್ರಮ್ಮಿನ ಮೇಲೆ ಗೀರು ಬಿದ್ದು ಪ್ರತಿ ಹಾಳೇಲೂ ಎಡಗಡೆ ಉದ್ದಕ್ಕೆ ಬೂದು ಗೆರೆ ಬರ್ತಿತ್ತು. ಕಳೆದ ವಾರ ಡ್ರಮ್ ಬದಲಾಯಿಸಿದ್ವಿ. ಈಗ ಗೆರೆ ಇಲ್ಲ."

ಉಡ ಚೀಲ ಹೆಗಲಿಗೇರಿಸಿದಳು. ವಕೀಲರ ಪ್ರತಿಯನ್ನೂ ಕೇಳದೆಯೇ ಒಳಗೆ ಹಾಕಿಕೊಂಡಳು. "ಮೇಡಂ, ಅದು ಕಚೇರಿ ದಾಖಲೆ..." ಎಂದು ವಕೀಲರು ಬಾಗಿಲ ತನಕ ಬಂದರು. ಅವಳು ಆಗಲೇ ಮೆಟ್ಟಿಲಿಳಿದಿದ್ದಳು.

ಬೈಂಡಿಂಗ್ ಅಂಗಡಿಗೆ ನಡೆದೇ ಹೋದರೆ ಇಪ್ಪತ್ತು ನಿಮಿಷ. ಹೋಗುತ್ತಲೇ ಮೇಷ್ಟ್ರಿಗೆ ಫೋನ್ ಮಾಡಿದಳು. ಐದು ಗಂಟೆಗೆ ಅಂಗಡಿಯ ಎದುರಿನ ಬಸ್ ನಿಲ್ದಾಣದಲ್ಲಿ ಇರಿ, ನಾನು ಕರೆಯೋ ತನಕ ಒಳಗೆ ಬರಬೇಡಿ ಅಂದಳು. "ಅವಳು ಏನಾದ್ರೂ ಅಂದ್ಳಾ?" ಎಂದು ಮೇಷ್ಟ್ರು ಕೇಳಿದರು. ಅವಳು ಎಂದರೆ ಮಗಳಲ್ಲ, ಬೈಂಡರಮ್ಮ. ಮಂಗಳವಾರದಿಂದ ಬೈಂಡರಮ್ಮ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಮದುವೆ ಬೇಡ ಅಂತಲೂ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ, ಮೇಷ್ಟ್ರ ಫೋನಂತೂ ಎತ್ತಲೇ ಇಲ್ಲ. ಆ ಬಡಪಾಯಿಯನ್ನು ಸುಡುತ್ತಿದ್ದದ್ದು ಗೇಟಿನ ಮುಂದಿನ ಬೈಗುಳಕ್ಕಿಂತ ಈ ಮೌನವೇ.

"ಇಲ್ಲ," ಎಂದಳು ಉಡ. ಬೇರೆ ಏನು ಹೇಳುವುದು?

ಅಂಗಡಿಯ ತುಂಬ ಅಂಟಿನ ಹುಳಿ ವಾಸನೆ. ಬಾಗಿಲ ಪಕ್ಕದಲ್ಲೇ ಕಾಗದ ಕತ್ತರಿಸುವ ದೊಡ್ಡ ಯಂತ್ರ, ಅದರ ಹಿಡಿಗೆ ಎಷ್ಟೋ ವರ್ಷದ ಕೈ ತಾಗಿ ಬಣ್ಣವೇ ಇಲ್ಲ. ಗೋಡೆಯುದ್ದಕ್ಕೂ ರಟ್ಟಿನ ಅಟ್ಟಿ, ಹೊಲಿಗೆ ಮುಗಿದು ಬೆನ್ನಿಗೆ ಬಟ್ಟೆ ಕಾಯುತ್ತಿರುವ ಹಾಜರಿ ಪುಸ್ತಕಗಳು. ಬೈಂಡರಮ್ಮ ಒಳಗಿನ ಮೇಜಿನಲ್ಲಿ ಪುಸ್ತಕದ ಬೆನ್ನಿಗೆ ಅಂಟು ಹಚ್ಚುತ್ತಿದ್ದಳು. ಉಡನನ್ನು ನೋಡಿ ತಲೆ ತಗ್ಗಿಸಿದಳು.

ಯಂತ್ರದ ಹಿಡಿ ಮಗಳ ಕೈಯಲ್ಲಿತ್ತು. ಘಟ್ ಎಂದು ಇಳಿಸಿ, "ಮತ್ತೆ ಬಂದ್ರಾ? ಆ ಕಳ್ಳನ ವಕಾಲತ್ತು ವಹಿಸ್ಕೊಂಡು ಎಷ್ಟು ಸಲ ಬರ್ತೀರಿ?" ಎಂದಳು.

"ಒಂದೇ ಒಂದು ಕೆಲಸ ಇದೆ ಕಣಮ್ಮ. ನಿಮ್ಮಮ್ಮನ ಪ್ರತಿ ನೋಡ್ಬೇಕು."

"ಮೊನ್ನೆನೇ ಹೇಳಿದ್ನಲ್ಲ, ತೋರ್ಸಲ್ಲ ಅಂತ."

"ಯಾಕೆ, ಭಯಾನಾ?"

ಆ ಮಾತು ತಾಗಿತು. ಮಗಳು ಕಪಾಟು ಧಡಾರನೆ ತೆಗೆದು ಒಪ್ಪಂದ ಪತ್ರವನ್ನು ಮೇಜಿನ ಮೇಲೆ ಎಸೆದಳು. "ನೋಡಿ. ಕಣ್ತುಂಬ ನೋಡಿ. ನನ್ನಪ್ಪ ಹಗಲು ರಾತ್ರಿ ಅನ್ನದೆ ದುಡಿದು ಕಟ್ಟಿದ್ದು ಇದು. ಶಾಲೆಯಿಂದ ಬಂದ ತಕ್ಷಣ ನಾನು ಇಲ್ಲೇ ಕೂತು ಹಾಳೆ ಮಡಚ್ತಿದ್ದೆ. ಚಿತ್ರ ಬಿಡಿಸೋನಿಗೆ ಇದರಲ್ಲಿ ಅರ್ಧ ಅಂತೆ!"

ಉಡ ಒಂದೊಂದೇ ಪುಟ ಮಗುಚಿದಳು. ಎಂಟನೇ ಪುಟ ಶುಭ್ರವಾಗಿತ್ತು. ಒಂಬತ್ತು. ಎಡ ಅಂಚಿನಲ್ಲಿ ಮೇಲಿನಿಂದ ಕೆಳಗೆ ತೆಳ್ಳನೆಯ ಬೂದು ಗೆರೆ.

ಅಬ್ಬ, ಎರಡು ದಿನ ಗಾಳಿ ಗುದ್ದಿದ ಕೈಗೆ ಕೊನೆಗೂ ಏನೋ ತಾಗಿತು!

ಚೀಲದಿಂದ ಮೇಷ್ಟ್ರ ಪ್ರತಿ, ವಕೀಲರ ಪ್ರತಿ ತೆಗೆದು ಮೂರರ ಒಂಬತ್ತನೇ ಪುಟವನ್ನೂ ಪಕ್ಕಪಕ್ಕ ಬಿಚ್ಚಿಟ್ಟಳು.

"ಈ ಗೆರೆ ನೋಡು. ವಕೀಲರ ಪ್ರಿಂಟರ್ ಕೆಟ್ಟಿದ್ದಾಗ ಬರ್ತಿದ್ದ ಗೆರೆ. ಕಳೆದ ವಾರ ರಿಪೇರಿ ಆಯ್ತು. ಅಂದ್ರೆ ಈ ಹಾಳೆ ಅದಕ್ಕಿಂತ ಹಳೇದು. ಮೂರು ವಾರದ ಹಿಂದೆ ಒಂದೇ ಒಂದು ಕರಡು ತೆಗೆದಿದ್ರಂತೆ. ಅದು ಹೋಗಿದ್ದು ಒಂದೇ ಮನೆಗೆ. ಈ ಮನೆಗೆ."

ಮಗಳು ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ಮೇಷ್ಟ್ರು ಆ ಕರಡು ಕಣ್ಣಲ್ಲೂ ನೋಡಿಲ್ಲ. ನೀನು ನೋಡಿದ್ದೀಯ. ನೋಡಿ ಅತ್ತು, ಅಮ್ಮನ ಮನಸ್ಸು ಬದಲಾಯಿಸಿದ್ದೀಯ. ಸೋಮವಾರ ಟೀ ಕುಡಿಯೋವಾಗ ಒಳಗಿನ ಕೋಣೆಗೆ ಯಾಕೆ ಹೋಗಿದ್ದೆ?"

"ನಾನು ಹೋಗೇ ಇಲ್ಲ."

"ಹೋಗಿದ್ದೆ."

"ನೀವೇನು ಕಂಡಿದ್ರಾ?"

"ಕಾಣ್ಲಿಲ್ಲ. ನೀನೇ ಹೇಳ್ತೀಯ ಅಂತ ಕಾಯ್ತಿದ್ದೀನಿ. ನಂಗೆ ತಾಳ್ಮೆ ಕಡಿಮೆ, ಆದ್ರೂ ಕಾಯ್ತಿದ್ದೀನಿ."

ಬೈಂಡರಮ್ಮನ ಬ್ರಷ್ ಅಂಟಿನ ಡಬ್ಬಿಯಲ್ಲೇ ನಿಂತಿತ್ತು. ಮಗಳು ಅಮ್ಮನತ್ತ ನೋಡಿದಳು, ಮೇಜಿನತ್ತ ನೋಡಿದಳು, ಮತ್ತೆ ಅಮ್ಮನತ್ತ ನೋಡಿದಳು. ಆಮೇಲೆ ಕಟ್ಟೆ ಒಡೆಯಿತು.

"ಹೌದು, ನಾನೇ ಇಟ್ಟೆ! ಏನೀಗ? ಆ ಪುಟಾನ ಅಮ್ಮ ಹರಿದು ಹಾಕ್ತೀನಿ ಅಂದಿದ್ಲು. ಹರೀಲಿಲ್ಲ. ಸೀರೆ ಮಡಿಕೇಲಿ ಇಟ್ಕೊಂಡಿದ್ಲು. ಅಂದ್ರೆ ಆಸೆ ಇನ್ನೂ ಇದೆ ಅಂತ ತಾನೇ? ಇವತ್ತು ನಂಗೋಸ್ಕರ ಸುಮ್ನಾದ್ಲು, ಮದುವೆ ಆದ್ಮೇಲೆ ಮತ್ತೆ ಅವರಿಗೆ ಬರ್ದೇ ಬರೀತಾಳೆ. ಅದಕ್ಕೇ ಇಟ್ಟೆ. ಸಹಿ ಆದ್ಮೇಲೆ ಪುಟ ಬದಲಾಗಿದೆ ಅಂತ ಗೊತ್ತಾದ್ರೆ ಅವರ ಮೇಲೆ ಅಮ್ಮನಿಗೆ ಅನುಮಾನ ಬರುತ್ತೆ, ಮದುವೆ ನಿಲ್ಲುತ್ತೆ ಅಂತ ಇಟ್ಟೆ."

"ನಿಂತ್ರೆ ನಿಲ್ಲಲಿ, ಒಬ್ಬರ ಮಾನ ಹೋದ್ರೆ ಹೋಗಲಿ ಅಂತ."

"ಮಾನ!" ಮಗಳು ಕಣ್ಣೊರೆಸಿಕೊಂಡು ನಕ್ಕಳು, ಚೆನ್ನಾಗಿರಲಿಲ್ಲ ಆ ನಗು. "ಪೂರ್ತಿ ಕೇಳಿ ಮೇಡಂ. ನನ್ನ ಹತ್ರ ಇದ್ದಿದ್ದು ಒಂದೇ ಹಾಳೆ. ಮೇಲಿದ್ದ ಕಟ್ಟಲ್ಲಿ ಒಂದೇ ಹಾಳೆ ಇಟ್ಟೆ. ಉಳಿದ ಎರಡು ಕಟ್ಟು ಮುಟ್ಟೂ ಇಲ್ಲ. ಗೇಟಿನ ಮುಂದೆ ಅವರು ಚೀಲದಿಂದ ತಮ್ಮ ಪ್ರತಿ ತೆಗೆದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಅದರಲ್ಲಿ ಸರಿಯಾದ ಪುಟ ಇರುತ್ತೆ, ಸಿಕ್ಕಿಬಿದ್ದೆ ಅಂದ್ಕೊಂಡೆ. ಬಿಚ್ಚಿದ್ರೆ ಅದರಲ್ಲೂ ಅರ್ಧ ಪಾಲು! ಅದನ್ನ ಇಟ್ಟಿದ್ದು ಯಾರು? ನಾನಲ್ಲ. ನಾನು ಸುಳ್ಳು ಕಳ್ಳನ್ನ ಮಾಡೋಕೆ ಹೋದೆ, ಅವರು ನಿಜವಾದ ಕಳ್ಳರೇ!"

ಉಡ ಮೇಜಿನ ಮೇಲಿನ ಮೂರು ಪುಟಗಳನ್ನು ನೋಡಿದಳು. ಒಂದರಲ್ಲಿ ಗೆರೆ, ಎರಡರಲ್ಲಿ ಗೆರೆ ಇಲ್ಲ. ಆ ಎರಡೂ ರಿಪೇರಿ ಆದ ಮೇಲೆ, ಅದೇ ಕಚೇರಿಯಲ್ಲಿ ತೆಗೆದವು. ಗೆರೆ ಕಂಡ ಖುಷಿಯಲ್ಲಿ ಗೆರೆ ಇಲ್ಲದ್ದರ ಬಗ್ಗೆ ಅವಳು ಯೋಚಿಸಿಯೇ ಇರಲಿಲ್ಲ. ಥೂ, ಎಂಥ ದಡ್ಡತನ! ಹತ್ತೊಂಬತ್ತು ವರ್ಷದ ಅನುಭವ ಅಂತ ಬೀಗುವುದು ಬೇರೆ.

ಹುಡುಗಿ ಸುಳ್ಳು ಹೇಳುತ್ತಿಲ್ಲ. ಅವಳ ಕೂಗಿನಲ್ಲಿ ಅಷ್ಟು ಕಿಚ್ಚು ಎಲ್ಲಿಂದ ಬಂತು ಅನ್ನುವುದೂ ಈಗ ತಿಳಿಯಿತು. ಹಾಗಾದರೆ ಮೇಷ್ಟ್ರು? ಆ ತಗ್ಗಿದ ದನಿ, ಹೆಸರು ವಾಪಸ್ ಕೊಡ್ಸಿ ಅಂದದ್ದು, ಎಲ್ಲ ನಾಟಕವೇ? ಮುಖ ನೋಡಿ ನಂಬಿ ಅವಳು ಮೋಸ ಹೋದದ್ದು ಇದೇ ಮೊದಲೇನಲ್ಲ.

ಫೋನ್ ತೆಗೆದು ವಕೀಲರ ಕಚೇರಿಯ ನಂಬರ್ ಒತ್ತಿದಳು.

"ಸ್ಪೀಕರ್ ಹಾಕಿ," ಎಂದಳು ಮಗಳು. "ನಿಮ್ಮ ಬಾಯಲ್ಲಿ ಕೇಳಿದ್ರೆ ನಾನು ನಂಬಲ್ಲ."

ಬೈಂಡರಮ್ಮ ಮೇಜಿನಿಂದ ಒಂದು ಹೆಜ್ಜೆ ಮುಂದೆ ಬಂದಳು. ಫೋನಿನತ್ತ ಕೈ ಚಾಚಿದಳು, ಅಷ್ಟರಲ್ಲಿ ಆ ಕಡೆ ಟೈಪಿಸ್ಟ್ ಫೋನ್ ಎತ್ತಿದ್ದಳು.

"ಸೋಮವಾರ ಸಹಿಗೆ ಮುಂಚೆ," ಎಂದಳು ಉಡ, ಒಂದೊಂದು ಮಾತನ್ನೂ ಬಿಡಿಸಿ, "ಹಳೇ ಕರಡಿನ ಒಂಬತ್ತನೇ ಪುಟ ಯಾರಾದ್ರೂ ತೆಗೆಸಿಕೊಂಡ್ರಾ?"

"ಹೂಂ ಮೇಡಂ. ಎರಡು ಪ್ರತಿ."

ಉಡ ಕಣ್ಣು ಮುಚ್ಚಿ ತೆರೆದಳು. "ಇದನ್ನ ಇವತ್ತು ಮಧ್ಯಾಹ್ನ ಯಾಕೆ ಹೇಳ್ಲಿಲ್ಲ ತಾಯಿ?"

"ನೀವು ಕಟ್ಟು ಯಾರು ಮುಟ್ಟಿದ್ರು ಅಂತ ಕೇಳಿದ್ರಿ. ಪ್ರಿಂಟ್ ಯಾರು ತಗೊಂಡ್ರು ಅಂತ ಕೇಳಿದ್ರೆ ಹೇಳ್ತಿದ್ದೆ."

"ಈಗ ಕೇಳ್ತಿದ್ದೀನಿ. ಯಾರು? ಮೇಷ್ಟ್ರಾ?"

"ಅಯ್ಯೋ ಇಲ್ಲಪ್ಪ. ಅವರು ಟೀ ಲೋಟ ಹಿಡ್ಕೊಂಡು ಕೂತಲ್ಲಿಂದ ಏಳ್ಲೇ ಇಲ್ಲ. ಬೈಂಡರಮ್ಮನೋರು. ಕರಡು ಅವರದ್ದೇ ಅಲ್ವಾ, ಕೇಳಿದ್ರು, ಕೊಟ್ಟೆ. ತುಂಬ ಖುಷಿಯಾಗಿದ್ರು."

ಉಡ ಫೋನ್ ಕಟ್ ಮಾಡಿದಳು.

"ಅಮ್ಮಾ," ಎಂದಳು ಮಗಳು.

ಬೈಂಡರಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಒಣಗಿದ ಅಂಟು ಬೆರಳುಗಳಿಂದ ಸಿಪ್ಪೆಯಾಗಿ ಏಳುತ್ತಿತ್ತು. ಅದನ್ನು ಕೀಳುತ್ತಲೇ ಮಾತಾಡಿದಳು. ಮೂರು ದಿನದಲ್ಲಿ ಅವಳ ದನಿ ಉಡನ ಕಿವಿಗೆ ಬಿದ್ದದ್ದು ಇದೇ ಮೊದಲು.

"ನೀನು ಆ ಕೋಣೆಯಿಂದ ಹೊರಗೆ ಬರೋದು ನೋಡ್ದೆ ಮಗಳೇ. ಏನು ಮಾಡ್ತಿದ್ಲು ಅಂತ ಒಳಗೆ ಹೋದೆ. ಒಂಬತ್ತನೇ ಪುಟ ಇನ್ನೊಂದು ಸಲ ಓದೋಣ ಅಂತ ತೆಗೆದೆ. ನಾನು ಬಚ್ಚಿಟ್ಟಿದ್ದ ಪುಟ ಅಲ್ಲಿತ್ತು. ನಂಗೆ... ನಂಗೆ ಎಷ್ಟು ಖುಷಿಯಾಯ್ತು ಗೊತ್ತಾ? ನನ್ನ ಮಗಳು ಮನಸಾರೆ ಒಪ್ಪಿದ್ಲು, ಬಾಯಲ್ಲಿ ಹೇಳೋಕೆ ನಾಚಿಕೆ, ಅದಕ್ಕೇ ಹೀಗೆ ಇಟ್ಟಿದ್ದಾಳೆ ಅಂದ್ಕೊಂಡೆ. ಒಂದರಲ್ಲಿದ್ರೆ ಸಾಲ್ದು, ಮೂರರಲ್ಲೂ ಇರ್ಬೇಕಲ್ಲ ಅಂತ ಇನ್ನೆರಡು ತೆಗೆಸಿ ನಾನೇ ಇಟ್ಟೆ. ಅವರಿಗೂ ಹೇಳ್ಲಿಲ್ಲ. ಮದುವೆ ಆದ್ಮೇಲೆ ಓದ್ಲಿ ಅಂತ."

ಮಗಳು ಯಂತ್ರಕ್ಕೆ ಒರಗಿದಳು.

"ಮಂಗಳವಾರ ಬೆಳಿಗ್ಗೆ ನೀನು ಶಾಲೆ ಗೇಟಿನ ಹತ್ರ ಹೋಗಿದ್ದೆ ಅಂತ ಪಕ್ಕದಂಗಡಿಯವರು ಬಂದು ಹೇಳಿದ್ರು. ಆಗ ತಿಳೀತು, ನೀನು ಯಾಕೆ ಇಟ್ಟಿದ್ದೆ ಅಂತ."

"ತಿಳಿದ ಮೇಲೆ?" ಉಡನ ದನಿ ಏರಿತು. ಏರಬಾರದು ಅಂದುಕೊಂಡರೂ ಏರಿತು. "ತಿಳಿದ ಮೇಲೆ ಮೂರು ದಿನ ಯಾಕಮ್ಮ ಸುಮ್ನಿದ್ರಿ? ಒಂದು ಮಾತು! ನಾನೇ ಇಟ್ಟಿದ್ದು ಅಂತ ಒಂದು ಮಾತು ಅಂದಿದ್ರೆ ಆ ಮನುಷ್ಯ ಊರಲ್ಲಿ ತಲೆ ಎತ್ಕೊಂಡು ಓಡಾಡ್ತಿದ್ರು."

"ಅಂದಿದ್ರೆ, ಮೊದಲ ಪುಟ ಇಟ್ಟಿದ್ದು ಯಾರು ಅಂತ ಕೇಳ್ತಿದ್ರು. ಕಳ್ಳಿ ಅಂತ ಇವಳನ್ನ ಕೂಗ್ತಿದ್ರು." ಬೈಂಡರಮ್ಮನ ಕಣ್ಣಿಂದ ನೀರು ಇಳಿಯಿತು, ಅವಳು ಒರೆಸಿಕೊಳ್ಳಲಿಲ್ಲ. "ಇಬ್ಬರಲ್ಲಿ ಒಬ್ಬರ ತಲೆ ಮೇಲೆ ಆ ಮಾತು ಬೀಳ್ಲೇಬೇಕಿತ್ತು ಮೇಡಂ. ಇವಳು ನಾನು ಹೆತ್ತ ಮಗಳು. ಅವರಾದ್ರೆ... ಅವರು ತಡ್ಕೋತಾರೆ ಅಂದ್ಕೊಂಡೆ."

"ತಡ್ಕೊಂಡೆ," ಎಂಬ ದನಿ ಬಾಗಿಲಿಂದ ಬಂತು.

ಮೇಷ್ಟ್ರು ಹೊಸ್ತಿಲಲ್ಲಿ ನಿಂತಿದ್ದರು. ಕರೆಯುವ ತನಕ ಬರಬೇಡಿ ಅಂದಿದ್ದಳು ಉಡ. ಯಾರು ತಾನೇ ಅವಳ ಮಾತು ಕೇಳುತ್ತಾರೆ ಈ ಕೇಸಿನಲ್ಲಿ! ಎಷ್ಟು ಹೊತ್ತಿಂದ ನಿಂತಿದ್ದರೋ, ಇಸ್ತ್ರಿ ಮಾಡಿದ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದು ಮುದುಡಿಸಿದ್ದರು.

"ನಾನು ಗೇಟಿನ ಮುಂದೆ ನಿಂತು, ಇಲ್ಲ ಸ್ವಾಮಿ, ನಾನಲ್ಲ ಅಂತ ನಾಲ್ಕನೇ ಕ್ಲಾಸಿನ ಮಕ್ಕಳಿಗೆಲ್ಲ ಕೇಳೋ ಹಾಗೆ ಗೋಗರೀತಿದ್ದಾಗ ನಿಮಗೆ ಗೊತ್ತಿರ್ಲಿಲ್ಲ. ಸರಿ. ಅವತ್ತು ಸಾಯಂಕಾಲ ನಾನು ಫೋನ್ ಮಾಡಿದಾಗ ಗೊತ್ತಿತ್ತಾ?"

"ಗೊತ್ತಿತ್ತು," ಎಂದಳು ಬೈಂಡರಮ್ಮ.

"ನಿನ್ನೆ?"

"ಗೊತ್ತಿತ್ತು ಮೇಷ್ಟ್ರೇ."

ಮೇಷ್ಟ್ರು ತಲೆಯಾಡಿಸಿದರು. ಬೈಯುತ್ತಾರೆ, ಅಳುತ್ತಾರೆ, ತಿರುಗಿ ಹೊರಟುಹೋಗುತ್ತಾರೆ, ಉಡ ಯಾವುದಕ್ಕಾದರೂ ಸಿದ್ಧವಾಗಿದ್ದಳು. ಅವರು ಒಳಗೆ ಬಂದು ಹಾಜರಿ ಪುಸ್ತಕಗಳ ಅಟ್ಟಿಯನ್ನು ಪಕ್ಕಕ್ಕೆ ಸರಿಸಿ ಸ್ಟೂಲಿನ ಮೇಲೆ ಕುಳಿತರು.

"ವಕೀಲರಿಗೆ ಫೋನ್ ಮಾಡಿ ಮೇಡಂ. ಬಾಗಿಲು ಹಾಕೋಕೆ ಮುಂಚೆ ನಾವೆಲ್ಲ ಬರ್ತೀವಿ ಅನ್ನಿ. ಒಪ್ಪಂದ ಹೊಸದಾಗಿ ಬರೀಬೇಕು."

"ಅರ್ಧ ಬೇಕಾಯ್ತಾ?" ಎಂದಳು ಮಗಳು. ಹಳೆಯ ಕಿಚ್ಚಿನಲ್ಲಿ ಶುರುವಾದ ಮಾತು ಕೊನೆಗೆ ಬರುವಷ್ಟರಲ್ಲಿ ನಡುಗಿತು.

"ಅರ್ಧವೂ ಬೇಡ, ಕಾಲೂ ಬೇಡ, ಈ ಅಂಗಡಿಯ ಒಂದು ಸೂಜಿಯೂ ಬೇಡ. ಹದಿನಾಲ್ಕು ಪುಟದಲ್ಲಿ ನನ್ನದು ಅಂತ ಒಂ‍ದು ಷರತ್ತೂ ಇರ್ಲಿಲ್ಲ. ಕೇಳ್ಬೇಕು ಅಂತ ಅನ್ನಿಸಿಯೂ ಇರ್ಲಿಲ್ಲ. ಈಗ ಒಂದಿದೆ. ಅದು ಆದ್ರೆ ನಾಳೆ ಹನ್ನೊಂದಕ್ಕೆ ನೋಂದಣಿ ಕಚೇರಿಗೆ ಬರ್ತೀನಿ. ಆಗದೇ ಇದ್ರೆ ಬರಲ್ಲ."

ಬೈಂಡರಮ್ಮ ಎರಡೂ ಕೈಯಿಂದ ಮೇಜು ಹಿಡಿದುಕೊಂಡಳು. "ಏನು ಬೇಕಾದ್ರೂ ಬರೀರಿ. ಓದೋದೂ ಬೇಡ, ನಾನು ಸಹಿ ಹಾಕ್ತೀನಿ."

"ಓದದೇ ಸಹಿ ಹಾಕಿದ್ದು ಸಾಕು," ಎಂದರು ಮೇಷ್ಟ್ರು. "ಅಲ್ಲದೆ ಈ ಷರತ್ತಿಗೆ ನಿಮ್ಮ ಸಹಿ ನಡೆಯೋದೂ ಇಲ್ಲ."

ಅವರು ಬೈಂಡರಮ್ಮನತ್ತ ನೋಡಲೇ ಇಲ್ಲ. ಕತ್ತರಿಸುವ ಯಂತ್ರದ ಕಡೆಗೆ ಕೈ ಚಾಚಿ ಮಗಳನ್ನು ತೋರಿಸಿದರು.

"ಪುಟ ಬದಲಾಯಿಸಿದ್ದು ಮೇಷ್ಟ್ರಲ್ಲ ಅಂತ ಒಂದು ಸಾಲು. ಅದಕ್ಕೆ ಸಹಿ ಇವಳದ್ದು ಬೇಕು."